ಮಾವನ ರಾಗಿ ಹೊಲ, 150 ಕಿಲೋಮೀಟರಿನ ಚೌಕ

ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿ, ಸೀಟು ಸಿಗದೆ ಬಾಗಿಲ ಹತ್ತಿರ ನಿಂತು ಕೇಳ್ತಿರೋರಿಗೂ, ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಮುಗಿಯೋದನ್ನ ಕಾಯ್ತಾ ಕೇಳ್ತಿರೋರಿಗೂ ಸ್ವಾಗತ. ಇವತ್ತು ಕಂಪ್ಯೂಟರ್ ವಿಜ್ಞಾನದ ಕಥೆ. ಆದರೆ ಶುರು ಮಾಡೋದು ಒಂದು ರಾಗಿ ಹೊಲದಿಂದ.

2021ರ ನವೆಂಬರ್. ಮುಳಬಾಗಿಲು ತಾಲ್ಲೂಕಿನಲ್ಲಿರುವ ನಮ್ಮ ಸೋದರಮಾವ ಫೋನ್ ಮಾಡಿದರು. ರಾಗಿ ಕೊಯ್ದು ಹೊಲದಲ್ಲೇ ಒಣಗಲು ಹಾಕಿದ್ದರು. "ಏನಪ್ಪಾ, ಕಂಪ್ಯೂಟರ್ ಓದಿದೋನು ನೀನು, ಎರಡು ದಿನ ಮಳೆ ಬರುತ್ತಾ ನೋಡಿ ಹೇಳು" ಅಂದರು. ನಾನು ಫೋನಿನಲ್ಲಿದ್ದ ಒಂದು ಆ್ಯಪ್ ತೆಗೆದೆ. ಅವರ ಊರಿನ ಹೆಸರು ಹಾಕಿದೆ. ಊರಿನ ಹೆಸರೇ ಬಂತು, ಕೆಳಗೆ ಗಂಟೆ ಗಂಟೆಯ ಲೆಕ್ಕ, ಎರಡು ಮಿಲಿಮೀಟರ್, ಒಂದು ಮಿಲಿಮೀಟರ್. "ಏನೂ ಇಲ್ಲ ಮಾವ, ತುಂತುರು ಅಷ್ಟೇ, ಬಿಡಿ" ಅಂದೆ. ಅವರು ಬಿಟ್ಟರು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 19ನೇ ತಾರೀಖು ಬೆಳಗಿನ ಜಾವ ಪುದುಚೇರಿ ಮತ್ತು ಚೆನ್ನೈ ನಡುವೆ ದಡ ದಾಟಿತು. ಆಮೇಲಿನದು ನಿಮಗೆ ಗೊತ್ತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹೋದವು, ಜನ ಹಬ್ಬ ಮಾಡಿದರು. ಮಾವನ ರಾಗಿ ತೆನೆಗಳು ಮಾತ್ರ ಹೊಲದಲ್ಲೇ ಮೊಳಕೆ ಒಡೆದವು. ಹುಲ್ಲೂ ಕಪ್ಪಾಗಿ ದನಕ್ಕೆ ಹಾಕೋಕಾಗಲಿಲ್ಲ.

ಅವರು ನನ್ನನ್ನ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ನಮ್ಮೂರ ಹೆಸರು ಹಾಕಿ ಹೇಳ್ತಲ್ಲಪ್ಪ ಅದು, ನಮ್ಮೂರು ನೋಡಿ ಹೇಳ್ತೋ, ಸುಮ್ಮನೆ ಹೇಳ್ತೋ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಬೆಂಗಳೂರಿನ ಎರಡು ಕ್ಯಾಂಪಸ್‌ಗಳು, ಸುಮಾರು ನಲವತ್ತು ವರ್ಷದ ಕೆಲಸ ಮತ್ತು ಕೆಲವು ಜನರ ಇಡೀ ವೃತ್ತಿಜೀವನ ಸಿಗುತ್ತವೆ.

ಮೊದಲು ಒಂದು ವಿಷಯ. ಕಂಪ್ಯೂಟರ್ ಆಕಾಶ ನೋಡೋದಿಲ್ಲ. ಅದು ಭೂಮಿಯ ಮೇಲಿನ ಗಾಳಿಯನ್ನ ಚೌಕಗಳಾಗಿ ಕತ್ತರಿಸುತ್ತದೆ, ಚೌಕದ ಮೇಲೆ ಚೌಕ ಪೇರಿಸಿ ಪೆಟ್ಟಿಗೆ ಮಾಡುತ್ತದೆ. ಒಂದೊಂದು ಪೆಟ್ಟಿಗೆಗೂ ಒಂದು ಉಷ್ಣಾಂಶ, ಒಂದು ಒತ್ತಡ, ಇಷ್ಟು ತೇವ, ಗಾಳಿಯ ವೇಗ ಮತ್ತು ದಿಕ್ಕು. ಆಮೇಲೆ ಭೌತಶಾಸ್ತ್ರದ ಸಮೀಕರಣ ಹಾಕಿ, ಕೆಲವು ನಿಮಿಷದ ನಂತರ ಆ ಪೆಟ್ಟಿಗೆಯಲ್ಲಿ ಏನಾಗಿರುತ್ತೆ ಅಂತ ಲೆಕ್ಕ ಮಾಡುತ್ತದೆ. ಮತ್ತೆ ಕೆಲವು ನಿಮಿಷ, ಮತ್ತೆ ಕೆಲವು ನಿಮಿಷ. ಹೀಗೆ ಹೆಜ್ಜೆ ಹಾಕಿಕೊಂಡು ಐದು ದಿನ, ಹತ್ತು ದಿನ ಮುಂದಕ್ಕೆ ಹೋಗುತ್ತದೆ. ಒಂದು ಪೆಟ್ಟಿಗೆಗೆ ಒಂದೇ ಸಂಖ್ಯೆ. ಪೆಟ್ಟಿಗೆಯ ಈ ಮೂಲೆಯಲ್ಲಿ ಮಳೆ, ಆ ಮೂಲೆಯಲ್ಲಿ ಬಿಸಿಲು ಅನ್ನೋದು ಅದಕ್ಕೆ ಗೊತ್ತಾಗೋದಿಲ್ಲ.

ಇದನ್ನ ಒಬ್ಬನೇ ಕೂತು ಮಾಡಿದರೆ ನಾಳೆಯ ಹವಾಮಾನ ಮುಂದಿನ ತಿಂಗಳು ಸಿಗುತ್ತೆ. ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್ 1922ರಲ್ಲೇ, ಕಂಪ್ಯೂಟರ್ ಅನ್ನೋ ಯಂತ್ರವೇ ಇಲ್ಲದ ಕಾಲದಲ್ಲಿ, ಒಂದು ದುಂಡನೆಯ ರಂಗಮಂದಿರ ಕಲ್ಪಿಸಿಕೊಂಡಿದ್ದರು. ಗೋಡೆಯ ಮೇಲೆ ಭೂಪಟ, ಅದರ ಮುಂದೆ 64,000 ಜನ ಕೂತು ತಮ್ಮ ತಮ್ಮ ತುಂಡಿನ ಲೆಕ್ಕ ಮಾಡ್ತಾರೆ, ಪಕ್ಕದವರಿಗೆ ಉತ್ತರ ತೋರಿಸ್ತಾರೆ. ಮಧ್ಯದಲ್ಲಿ ಒಬ್ಬ ಮೇಳ ನಡೆಸುವವನ ಹಾಗೆ ನಿಂತು, ಮುಂದೆ ಓಡಿದವರನ್ನ ತಡೆದು ಹಿಂದೆ ಬಿದ್ದವರನ್ನ ಚುರುಕು ಮಾಡ್ತಾನೆ. ಇವತ್ತು ನಾವು ಪ್ಯಾರಲಲ್ ಕಂಪ್ಯೂಟಿಂಗ್ ಅನ್ನೋದು ಇದನ್ನೇ. ಜನರ ಜಾಗದಲ್ಲಿ ಪ್ರೊಸೆಸರ್.

ಈಗ ಬೆಂಗಳೂರಿಗೆ ಬರೋಣ. 1980ರ ದಶಕದಲ್ಲಿ ಮುಂಗಾರಿನ ಮುನ್ಸೂಚನೆಗೆ ಅಂತ ಭಾರತ ಅಮೆರಿಕದಿಂದ ಎರಡು ಪ್ರೊಸೆಸರಿನ ಕ್ರೇ ಎಕ್ಸ್‌ಎಂಪಿ-24 ಸೂಪರ್‌ಕಂಪ್ಯೂಟರ್ ಕೇಳಿತು. ಅದನ್ನು ಕೊಡೋಕೆ ಅವರು ಒಪ್ಪಲಿಲ್ಲ. ಬಾಂಬ್, ಕ್ಷಿಪಣಿ ಲೆಕ್ಕಕ್ಕೆ ಬಳಸಿಬಿಟ್ಟರೆ ಅನ್ನೋ ಅನುಮಾನ. ಕೊನೆಗೆ ಒಂದೇ ಪ್ರೊಸೆಸರಿನ ಎಕ್ಸ್‌ಎಂಪಿ-14 ದೆಹಲಿಗೆ ಬಂತು. ಪುಣೆಯ ಸಿ-ಡ್ಯಾಕ್ ಹುಟ್ಟಿದ್ದು, ವಿಜಯ್ ಭಟ್ಕರ್ ತಂಡ 1991ರಲ್ಲಿ ಪರಮ್ 8000 ಕಟ್ಟಿದ್ದು ಎಲ್ಲರಿಗೂ ಗೊತ್ತಿರೋ ಕಥೆ. ಅದಕ್ಕೂ ಐದು ವರ್ಷ ಮುಂಚೆ, 1986ರಲ್ಲಿ, ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಎನ್‌ಎಎಲ್‌ನಲ್ಲಿ ಯು.ಎನ್. ಸಿನ್ಹಾ ಅವರ ತಂಡ ಒಂದು ಯಂತ್ರ ಕಟ್ಟಿತ್ತು. ಹೆಸರು ಫ್ಲೋಸಾಲ್ವರ್. ಇದು ಯಾಕೋ ಅಷ್ಟು ಪ್ರಚಾರಕ್ಕೆ ಬರಲೇ ಇಲ್ಲ.

ಎನ್‌ಎಎಲ್ ವಿಮಾನದ ಸಂಸ್ಥೆ. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತೆ ಅನ್ನೋ ಲೆಕ್ಕ ಅವರಿಗೆ ಬೇಕಿತ್ತು, ಹೆಸರೇ ಹೇಳುತ್ತಲ್ಲ, ಹರಿವನ್ನು ಬಿಡಿಸುವ ಯಂತ್ರ. ಆಗ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಮೊದಲ ಫ್ಲೋಸಾಲ್ವರ್‌ನಲ್ಲಿ ಇದ್ದದ್ದು ನಾಲ್ಕು ಪ್ರೊಸೆಸರ್, ಅದೂ ಇಂಟೆಲ್ 8086. ಆ ಕಾಲದ ಮೇಜಿನ ಮೇಲಿನ ಕಂಪ್ಯೂಟರಿನ ಮಟ್ಟದ್ದು. ನಾಲ್ಕು ಜೊತೆ ಎತ್ತು ಕಟ್ಟಿ ಟ್ರ್ಯಾಕ್ಟರ್ ಕೆಲಸ ತೆಗೆಯೋ ಪ್ರಯತ್ನ ಅಂದುಕೊಳ್ಳಿ. ಮೂರನೇ ಮಾದರಿ ಬರೋ ಹೊತ್ತಿಗೆ ಇಂಟೆಲ್ ಐ860 ಚಿಪ್‌ಗಳು ಬಂದವು, ಯಂತ್ರಕ್ಕೆ ನಿಜವಾದ ಕಸುವು ಬಂತು.

1990ರ ದಶಕದ ಮೊದಲ ಭಾಗದಲ್ಲಿ ದೆಹಲಿಯ ಕ್ರೇ ಮೇಲೆ ಓಡುತ್ತಿದ್ದ ಮುನ್ಸೂಚನೆಯ ಮಾಡೆಲ್ ಅನ್ನೇ ಈ ಯಂತ್ರದ ಮೇಲೆ ಓಡಿಸಿದರು. ಮಾಡೆಲಿನ ಹೆಸರು ಟಿ-80. ಸಿನ್ಹಾ ತಂಡದವರು, ಐಐಎಸ್‌ಸಿಯ ಸುಲೋಚನಾ ಗಾಡ್ಗೀಳ್ ಮೊದಲಾದವರು ಸೇರಿ 1994ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಇದನ್ನ ಪ್ರಕಟಿಸಿದರು. ಬೇಡಿ ಬೇಡಿ ತರಿಸಿಕೊಂಡ ಯಂತ್ರದ ಕೆಲಸವನ್ನ ನಾವೇ ಜೋಡಿಸಿದ ಯಂತ್ರದಲ್ಲಿ ಮಾಡಬಹುದು ಅನ್ನೋದು ಖಾತ್ರಿ ಆಯ್ತು.

ಆದರೆ ನನಗೆ ಬೇಕಾಗಿದ್ದು ಟಿ-80ರ ಚೌಕದ ಅಳತೆ. ಭೂಮಿಯ ಸುತ್ತ 256 ಚೌಕ, ಉತ್ತರದಿಂದ ದಕ್ಷಿಣಕ್ಕೆ 128, ಮೇಲಕ್ಕೆ 18 ಪದರ. ನಮ್ಮ ಅಕ್ಷಾಂಶದಲ್ಲಿ ಒಂದು ಚೌಕದ ಬದಿ ಸುಮಾರು 150 ಕಿಲೋಮೀಟರ್! ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಒಂದೇ ಚೌಕದಲ್ಲಿ ಹಿಡಿಸ್ತವೆ. ಬೆಂಗಳೂರನ್ನೂ ತುರುಕಿದರೆ ಇನ್ನೂ ಜಾಗ ಉಳಿಯುತ್ತೆ. ಅಂತರಗಂಗೆ ಬೆಟ್ಟ ಆ ಮಾಡೆಲಿಗೆ ಕಾಣೋದೇ ಇಲ್ಲ. ನಾವು ಚಿಕ್ಕವರಿದ್ದಾಗ ರೇಡಿಯೋದಲ್ಲಿ "ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಾಧ್ಯತೆ" ಅಂತ ಬಂದರೆ ತಾತ ನಗ್ತಿದ್ದರು, "ಯಾವ ಒಂದೆರಡು ಕಡೆ ಅಂತ ಹೇಳೋಕೆ ಇವರಿಗೇನು ದಾಡಿ" ಅಂತ. ದಾಡಿ ಏನೂ ಅಲ್ಲ, ತಾತ. ಚೌಕ ಅಷ್ಟು ದೊಡ್ಡದು. ಅಂದಹಾಗೆ ಈ "ಒಂದೆರಡು ಕಡೆ" ಬಾಯಿಗೆ ಬಂದ ಮಾತಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ, ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25 ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆ ಅಂತ ಅರ್ಥ.

ಹಾಗಾದರೆ ಚೌಕ ಚಿಕ್ಕದು ಮಾಡಿದರಾಯ್ತಲ್ಲ? ಇಲ್ಲೇ ಇರೋದು ಕಷ್ಟ. ಚೌಕದ ಬದಿ ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು. ಗಾಳಿ ಚಿಕ್ಕ ಚೌಕವನ್ನ ಬೇಗ ದಾಟೋದರಿಂದ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಒಟ್ಟು ಎಂಟು ಪಟ್ಟು ಕೆಲಸ. 150 ಕಿಲೋಮೀಟರಿನಿಂದ 6ಕ್ಕೆ ಇಳಿದರೆ 25ರ ಘನ, ಅಂದರೆ 15,625 ಪಟ್ಟು. ಪದರಗಳನ್ನ ಹೆಚ್ಚು ಮಾಡೋದು ಬೇರೆ.

ಪ್ರೊಸೆಸರ್ ಹೆಚ್ಚಿಗೆ ಹಾಕಿದ ಮಾತ್ರಕ್ಕೆ ಕೆಲಸ ಅಷ್ಟೇ ಪಟ್ಟು ಬೇಗ ಆಗೋದೂ ಇಲ್ಲ. ಎಪಿಎಂಸಿಯನ್ನೇ ನೋಡಿ. ಟೊಮೆಟೊ ಆರಿಸಿ 15 ಕೆ.ಜಿ. ಬಾಕ್ಸ್ ತುಂಬೋ ಕೆಲಸಕ್ಕೆ ಹತ್ತು ಜನ ಹಾಕಿದರೆ ಹತ್ತು ಪಟ್ಟು ಬೇಗ. ಹರಾಜು ಕೂಗೋನು ಮಾತ್ರ ಒಬ್ಬನೇ, ರಾಶಿಯಿಂದ ರಾಶಿಗೆ ನಡೆದೇ ಹೋಗಬೇಕು. ಹತ್ತು ಗಂಟೆಯ ಕೆಲಸದಲ್ಲಿ ಹಂಚೋಕಾಗದ ಒಂದು ಗಂಟೆ ಇದ್ದರೆ, ಸಾವಿರ ಜನ ಬಂದರೂ ಆ ಒಂದು ಗಂಟೆ ಹೋಗಲ್ಲ. ಜೀನ್ ಆ್ಯಮ್‌ಡಾಲ್ 1967ರಲ್ಲಿ ಹೇಳಿದ ಈ ಮಾತು ಈಗ ಅವರ ಹೆಸರಿನ ನಿಯಮ. ಜೊತೆಗೆ ಮಾತುಕತೆಯ ಖರ್ಚು ಬೇರೆ. ಹೊಲ ಹೊಲದ ನಡುವೆ ಬದು ಇರೋ ಹಾಗೆ, ಪಕ್ಕದ ಚೌಕದಿಂದ ಗಾಳಿ, ತೇವ ಎಷ್ಟು ಬಂತು ಅಂತ ಪ್ರತಿ ಹೆಜ್ಜೆಗೂ ಕೇಳಬೇಕು. ಟಿ-80ರ ವಿಧಾನದಲ್ಲಂತೂ ಪಕ್ಕದವರ ಜೊತೆ ಮಾತ್ರ ಅಲ್ಲ, ಎಲ್ಲ ಪ್ರೊಸೆಸರ್‌ಗಳೂ ಎಲ್ಲರ ಜೊತೆ ಲೆಕ್ಕ ಬದಲಾಯಿಸಿಕೊಳ್ಳಬೇಕು. ಊರಿನ ಚೀಟಿ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಹೇಗಿರುತ್ತೋ ಹಾಗೆ. ಫ್ಲೋಸಾಲ್ವರ್ ತಂಡದವರ ಎಷ್ಟೋ ವರ್ಷದ ದುಡಿಮೆ ಹೋಗಿದ್ದು ಈ ಗದ್ದಲ ಅಡಗಿಸೋದಕ್ಕೆ.

ಇತ್ತ ಐಐಎಸ್‌ಸಿಯಲ್ಲಿ 1982ರಿಂದ 1994ರ ತನಕ ಸೂಪರ್‌ಕಂಪ್ಯೂಟರ್ ಕೇಂದ್ರವನ್ನ ಕಟ್ಟಿದವರು ವಿ. ರಾಜಾರಾಮನ್. ನಿಮ್ಮ ಮನೇಲಿ ಯಾರಾದರೂ ಎಂಸಿಎ ಓದಿದ್ದರೆ, ಆ ಕೋರ್ಸ್ ಬೇಕು ಅಂತ ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷರು ಇವರೇ. ಸಿ. ಶಿವರಾಮ ಮೂರ್ತಿ ಜೊತೆ ಅವರು ಬರೆದ ಪ್ಯಾರಲಲ್ ಕಂಪ್ಯೂಟರ್ ಪುಸ್ತಕದಲ್ಲೇ ನನ್ನ ಹಾಗೆ ಎಷ್ಟೋ ಜನ ಪರೀಕ್ಷೆ ಪಾಸಾಗಿದ್ದು. (ಪರೀಕ್ಷೆ ಪಾಸಾಯ್ತು, ಮಾವನಿಗೆ ಉತ್ತರ ಹೇಳೋಕೆ ಬರಲಿಲ್ಲ, ಅದು ಬೇರೆ ಮಾತು.) ಈಗ ಅದೇ ಕ್ಯಾಂಪಸ್‌ನಲ್ಲಿ 2022ರಿಂದ ಪರಮ್ ಪ್ರವೇಗ ಇದೆ, 3.3 ಪೆಟಾಫ್ಲಾಪ್. ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದರ ಮುಂದೆ ಹದಿನೈದು ಸೊನ್ನೆಯಷ್ಟು ಲೆಕ್ಕ.

ಇಲ್ಲಿಗೆ ಲೆಕ್ಕ ಆಯ್ತು. ಲೆಕ್ಕ ಮುಗಿದ ಮೇಲೆ ಕೈಗೆ ಬರೋದು ಕೋಟಿಗಟ್ಟಲೆ ಸಂಖ್ಯೆ. ಅದನ್ನ ಮನುಷ್ಯ ಓದೋಕಾಗಲ್ಲ, ನೋಡಬೇಕು. ಸಂಖ್ಯೆಯನ್ನ ನೋಟಕ್ಕೆ ತರೋ ವಿದ್ಯೆಗೆ ಸೈಂಟಿಫಿಕ್ ವಿಷುವಲೈಸೇಷನ್ ಅಂತಾರೆ. ಬಣ್ಣ ಹಚ್ಚೋದು ಅಷ್ಟೇ ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ.

ಐಐಎಸ್‌ಸಿಯ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ವಿಜಯ್ ನಟರಾಜನ್ ಅನ್ನೋ ಪ್ರೊಫೆಸರ್ ಇದ್ದಾರೆ. 2004ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಎಡೆಲ್ಸ್‌ಬ್ರೂನರ್ ಹತ್ತಿರ ಪಿಎಚ್‌ಡಿ ಮಾಡಿದವರು. ಅವರ ಕ್ಷೇತ್ರ ಆಕಾರಗಳ ಗಣಿತ, ಅಂದರೆ ಟೋಪಾಲಜಿ ಬಳಸಿ ದೊಡ್ಡ ದತ್ತಾಂಶವನ್ನ ನೋಡೋದು. ಹೆಸರು ಕೇಳಿ ಗಾಬರಿ ಆಗಬೇಡಿ. ಕೋಲಾರದವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥ ಆಗುತ್ತೆ, ಯಾಕಂದ್ರೆ ನಾವು ಕೆರೆ ನೋಡಿ ಬೆಳೆದವರು.

ಉಪಗ್ರಹ ಮೋಡದ ತಲೆಯ ಉಷ್ಣಾಂಶ ಅಳೆಯುತ್ತೆ. ಮೋಡ ಎಷ್ಟು ಎತ್ತರವೋ ತಲೆ ಅಷ್ಟು ತಣ್ಣಗೆ. ಈಗ ತಣ್ಣಗಿರೋ ಜಾಗವನ್ನೆಲ್ಲ ಹಳ್ಳ ಅಂತ, ಬೆಚ್ಚಗಿರೋ ಜಾಗವನ್ನ ದಿಬ್ಬ ಅಂತ ಅಂದುಕೊಳ್ಳಿ. ಆ ನೆಲಕ್ಕೆ ಕೆಳಗಿನಿಂದ ನಿಧಾನಕ್ಕೆ ನೀರು ತುಂಬಿಸ್ತಾ ಬನ್ನಿ. ಮೊದಲು ಆಳದ ಗುಂಡಿಗಳಲ್ಲಿ ಅಲ್ಲಲ್ಲಿ ನೀರು. ಒಂದೊಂದೂ ಬೇರೆ ಬೇರೆ ಕೆರೆ. ನೀರು ಏರ್ತಾ ಏರ್ತಾ ಒಂದು ಕೆರೆ ಕೋಡಿ ಮಟ್ಟಕ್ಕೆ ಬಂದು ಪಕ್ಕದ ಕೆರೆಗೆ ಸೇರುತ್ತೆ. ಎರಡು ಹೋಗಿ ಒಂದಾಯ್ತು. ಇನ್ನೂ ಏರಿದರೆ ಇನ್ನೊಂದು ಸೇರುತ್ತೆ. ಯಾವ ಕೆರೆ ಯಾವುದಕ್ಕೆ ಯಾವ ಮಟ್ಟದಲ್ಲಿ ಸೇರಿತು ಅಂತ ಬರೆದುಕೊಂಡು ಹೋದರೆ ಒಂದು ವಂಶವೃಕ್ಷ ಸಿಗುತ್ತೆ. ಗಣಿತದವರು ಅದನ್ನ ಜಾಯಿನ್ ಟ್ರೀ ಅಂತಾರೆ. ನಾವು ಕೋಡಿ ಅನ್ನೋ ಜಾಗಕ್ಕೆ ಅವರು ತಡಿಯ ಆಕಾರದ ಬಿಂದು ಅಂತಾರೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು ಇದೆ, ಇದೇ ಮುಖ್ಯ. ಗುಂಡಿಯ ತಳದಿಂದ ಕೋಡಿಯ ತನಕ ಎಷ್ಟು ಆಳ? ಬೆರಳುದ್ದ ಇದ್ದರೆ ಅದು ದನದ ಹೆಜ್ಜೆಯಲ್ಲಿ ನಿಂತ ನೀರು, ಲೆಕ್ಕಕ್ಕಿಲ್ಲ, ಅಳಿಸಿ ಹಾಕಿ. ಆಳ ಇದ್ದರೆ ನಿಜವಾದ ಕೆರೆ. ಯಾವುದು ಗದ್ದಲ, ಯಾವುದು ವಿಷಯ ಅಂತ ಬೇರೆ ಮಾಡೋಕೆ ಈ ಆಳವನ್ನೇ ಅಳತೆಗೋಲು ಮಾಡ್ಕೊಂಡರು. ಇದರಿಂದಾಗಿ "ಇಷ್ಟು ದೊಡ್ಡದಿದ್ದರೆ ಮಾತ್ರ ಮೋಡದ ಗುಂಪು" ಅಂತ ವಿಜ್ಞಾನಿ ಮೊದಲೇ ತೀರ್ಮಾನ ಮಾಡ್ಕೊಂಡು ಕೂರಬೇಕಾಗಿಲ್ಲ.

2013ರಲ್ಲಿ ನಟರಾಜನ್, ಅವರ ವಿದ್ಯಾರ್ಥಿಯಾಗಿದ್ದ ಹರೀಶ್ ದೊರೈಸ್ವಾಮಿ ಮತ್ತು ವಾತಾವರಣ ವಿಜ್ಞಾನಿ ರವಿ ನಂಜುಂಡಯ್ಯ ಸೇರಿ ಮೋಡಗಳ ಗುಂಪನ್ನ ಹಿಂಬಾಲಿಸೋ ಒಂದು ಸಾಧನ ಮಾಡಿದರು. (ನಂಜುಂಡಯ್ಯ ಆಮೇಲೆ ಪುಣೆಯ ಐಐಟಿಎಂ ನಿರ್ದೇಶಕರಾದರು.) ಪ್ರತಿ ಚಿತ್ರದಲ್ಲೂ ಮೋಡದ ಗುಂಪುಗಳನ್ನ ಈ ರೀತಿ ಗುರುತಿಸೋದು, ಒಂದು ಚಿತ್ರದ ಗುಂಪು ಮುಂದಿನ ಚಿತ್ರದಲ್ಲಿ ಎಲ್ಲಿಗೆ ಹೋಯ್ತು, ಒಡೆಯಿತಾ, ಇನ್ನೊಂದರ ಜೊತೆ ಸೇರಿತಾ ಅಂತ ನೋಡೋದು. ಕುರಿ ಮಂದೆ ಹಿಂದೆ ಹೋಗೋ ಕೆಲಸ. ಅವರು ಪರೀಕ್ಷೆಗೆ ತಗೊಂಡಿದ್ದು 2005ರ ಜುಲೈನಲ್ಲಿ ಮುಂಬೈಯನ್ನ ಮುಳುಗಿಸಿದ ಮಳೆ ಮತ್ತು 2009ರ ಮೇ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲೆದ್ದ ಐಲಾ ಚಂಡಮಾರುತ. ಸಾವಿರಾರು ಕಿಲೋಮೀಟರ್ ಅಗಲದ ಒಂದು ದೊಡ್ಡ ಮೋಡದ ಅಲೆ ಪೂರ್ವಕ್ಕೆ ಹೋಗ್ತಿರುವಾಗ, ಅದರ ಹೊಟ್ಟೆಯೊಳಗಿನ ಚಿಕ್ಕ ಗುಂಪುಗಳು ಕೆಲವೊಮ್ಮೆ ಉಲ್ಟಾ ದಿಕ್ಕಿಗೆ ಸಾಗ್ತವೆ. ಮುಂಚೆ ಇದನ್ನ ಅನುಭವದ ಮೇಲೆ ಊಹಿಸಬೇಕಿತ್ತು, ಈಗ ಕಣ್ಣಿಗೆ ಕಾಣೋ ಹಾಗಾಯ್ತು.

ಈ ಕೆರೆ ತುಂಬಿಸೋ ಲೆಕ್ಕವನ್ನೂ ಹಂಚಿ ಮಾಡೋದು ಸುಲಭ ಅಲ್ಲ, ಕೆರೆ ಬದು ನೋಡಿ ನಿಲ್ಲಲ್ಲವಲ್ಲ. ಒಂದು ಪ್ರೊಸೆಸರ್ ಪಾಲಿಗೆ ಬಂದ ಕೆರೆಯ ಅರ್ಧ ಇನ್ನೊಂದರ ಪಾಲಲ್ಲಿ ಇರುತ್ತೆ. ನಟರಾಜನ್ ಮತ್ತು ನಿತಿನ್ ಶಿವಶಂಕರ್ 2012ರಲ್ಲಿ ಪ್ರಕಟಿಸಿದ ಕೆಲಸ ಇಂಥ ಲೆಕ್ಕವನ್ನ ಗ್ರಾಫಿಕ್ಸ್ ಪ್ರೊಸೆಸರ್ ಮೇಲೆ ಓಡಿಸೋದರ ಬಗ್ಗೆ. ನೀವು ಗೇಮ್ ಆಡೋಕೆ ಬೇಕು ಅಂತ ಮನೇಲಿ ಹಟ ಮಾಡ್ತೀರಲ್ಲ, ಅದೇ ಜಾತಿಯ ಚಿಪ್.

ಈಗ ಮಾವನ ಪ್ರಶ್ನೆ. ಆ ಆ್ಯಪ್ ನಮ್ಮೂರು ನೋಡಿ ಹೇಳ್ತೋ?

ಇಲ್ಲ. ಎಷ್ಟೋ ಉಚಿತ ಆ್ಯಪ್‌ಗಳು ಜಗತ್ತಿನ ದೊಡ್ಡ ಮಾಡೆಲ್‌ಗಳ ಸಂಖ್ಯೆಗಳನ್ನೇ ತಗೊಳ್ತವೆ. ಅಮೆರಿಕದ ಜಿಎಫ್‌ಎಸ್ ಮಾಡೆಲಿನ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕಡತದಲ್ಲಿ ಚೌಕ ಕಾಲು ಡಿಗ್ರಿ, ಸುಮಾರು 28 ಕಿಲೋಮೀಟರ್. ಕೋಲಾರದಿಂದ ಮುಳಬಾಗಿಲಿಗೆ ಇರೋದು ಹೆಚ್ಚುಕಡಿಮೆ ಅಷ್ಟೇ. ನೀವು ಊರ ಹೆಸರು ಹಾಕಿದಾಗ ಅಕ್ಕಪಕ್ಕದ ನಾಲ್ಕು ಬಿಂದುಗಳ ಸಂಖ್ಯೆ ತಗೊಂಡು ಮಧ್ಯಕ್ಕೆ ಒಂದು ಸಂಖ್ಯೆ ಅಂದಾಜು ಮಾಡಿ, ಅದರ ಮೇಲೆ ಊರ ಹೆಸರು ಬರೀಬಹುದು. ಬಣ್ಣದ ನಕ್ಷೆಯೂ ಹಾಗೇ. ಒರಟು ಚೌಕಗಳನ್ನ ನುಣುಪಾಗಿ ತೇಯ್ದು, ನಿಮ್ಮ ಬೀದಿಯ ತನಕ ಗೊತ್ತಿದೆ ಅನ್ನೋ ಹಾಗೆ ತೋರಿಸುತ್ತೆ. ಹಸಿರಿನಿಂದ ಹಳದಿಗೆ ಬಣ್ಣ ತಟ್ಟಂತ ಬದಲಾಗೋ ಜಾಗದಲ್ಲಿ ಮಳೆ ಹಾಗೆ ತಟ್ಟಂತ ಬದಲಾಗಬೇಕಿಲ್ಲ. ನನ್ನ ಪ್ರಕಾರ ಇದು ವಿಷುವಲೈಸೇಷನ್ ಅಲ್ಲ, ಪೌಡರ್ ಹಚ್ಚೋದು. ಇಷ್ಟು ಕಿಲೋಮೀಟರಿನ ಸರಾಸರಿ ಇದು ಅಂತ ಒಂದು ಸಾಲು ಹಾಕೋಕೆ ಏನು ಕಷ್ಟ?

ಚೌಕ ಚಿಕ್ಕದಾಗಿದೆ, ಅದು ನಿಜ. 2018ರಲ್ಲಿ ಪುಣೆಯಲ್ಲಿ ಪ್ರತ್ಯೂಷ್ ಬಂತು, ಮಾಡೆಲ್ 12 ಕಿಲೋಮೀಟರಿನದಾಯ್ತು. ಸುಮಾರು 4,000 ಚದರ ಕಿಲೋಮೀಟರಿನ ನಮ್ಮ ಜಿಲ್ಲೆಗೆ 28 ಚೌಕ. 2024ರ ಸೆಪ್ಟೆಂಬರ್‌ನಲ್ಲಿ ಅರ್ಕ ಬಂತು, 2025ರ ಮೇ 26ರಂದು ಅದರ ಮೇಲೆ ಓಡುವ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಶುರುವಾಯ್ತು, 6 ಕಿಲೋಮೀಟರ್. ಈಗ ಜಿಲ್ಲೆಗೆ 110 ಚೌಕ. ಶ್ರೀನಿವಾಸಪುರದ ಮಾವಿನ ತೋಟಕ್ಕೂ ಮಾಲೂರಿನ ಕೈಗಾರಿಕಾ ಪ್ರದೇಶಕ್ಕೂ ಕೊನೆಗೂ ಬೇರೆ ಬೇರೆ ಚೌಕ ಸಿಕ್ಕಿತು. ಆದರೂ ಬೇಸಿಗೆಯ ಸಂಜೆ ಆಲಿಕಲ್ಲು ಸುರಿಸಿ ಹೋಗೋ ಒಂದು ಗುಡುಗಿನ ಮೋಡ ಆರು ಕಿಲೋಮೀಟರಿಗಿಂತ ಚಿಕ್ಕದಾಗಿರಬಹುದು. ಅದು ಚೌಕದೊಳಗೆ ಎಲ್ಲಿ ಬೀಳುತ್ತೆ ಅಂತ ಹಿಂದಿನ ದಿನ ಹೇಳೋಕೆ ಅರ್ಕನ ಕೈಲೂ ಆಗಲ್ಲ.

ಬಿದ್ದ ಮಳೆಯ ಲೆಕ್ಕ ಮಾತ್ರ ನಮ್ಮ ರಾಜ್ಯದಲ್ಲಿ ಚೆನ್ನಾಗಿದೆ, ಅದನ್ನ ಹೇಳಲೇಬೇಕು. 1988ರಲ್ಲಿ ಬರ ನಿಗಾ ಘಟಕ ಅಂತ ಶುರುವಾಗಿ ಈಗ ಕೆಎಸ್‌ಎನ್‌ಡಿಎಂಸಿ ಅಂತ ಕರೆಯೋ ಸಂಸ್ಥೆ ಗ್ರಾಮ ಪಂಚಾಯಿತಿಗೊಂದು ಮಳೆಮಾಪನ ಇಟ್ಟಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತೆ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ.

ಇದನ್ನೆಲ್ಲ ಒಂದು ಭಾನುವಾರ ಮಾವನ ಮನೆ ಜಗಲಿ ಮೇಲೆ ಕೂತು ಹೇಳಿದೆ. ಕೆರೆ, ಕೋಡಿ ಕಥೆ ಅವರಿಗೆ ಇಷ್ಟ ಆಯ್ತು. ಆಮೇಲೆ ಕೇಳಿದರು, "ನಮ್ಮ ಹೊಲಕ್ಕೆ ಒಂದು ಚೌಕ ಯಾವಾಗ ಕೊಡ್ತಾರಂತೆ?" ಅವರದು ಎರಡೂವರೆ ಎಕರೆ, ಅಂದರೆ ಬದಿಗೆ ನೂರು ಮೀಟರ್. ಆರು ಕಿಲೋಮೀಟರಿನಿಂದ ನೂರು ಮೀಟರಿಗೆ 60 ಪಟ್ಟು, ಅದರ ಘನ 2,16,000. ಅಷ್ಟು ಪಟ್ಟು ದೊಡ್ಡ ಯಂತ್ರ ಬೇಕು ಮಾವ ಅಂದೆ. "ಸರಿ ಬಿಡು" ಅಂದರು. ಈಗ ನವೆಂಬರಿನಲ್ಲಿ ಕೊಲ್ಲಿ ಕಡೆ ಕುಸಿತ ಅಂತ ಸುದ್ದಿ ಬಂದರೆ, ಆ್ಯಪ್ ಏನೇ ಹೇಳಲಿ, ಕೊಯ್ಲನ್ನೇ ಮುಂದಕ್ಕೆ ಹಾಕ್ತಾರೆ. ಕೊಯ್ದಿದ್ದರೆ ಅವತ್ತೇ ಮೆದೆ ಒಟ್ಟಿ ಟಾರ್ಪಾಲು ಹೊದಿಸ್ತಾರೆ. ಟಾರ್ಪಾಲಿನ ದುಡ್ಡು ನಾನೇ ಕೊಟ್ಟೆ.